ತಮ್ಮ-ತಂಗಿಯರ ಸ್ಪೆಲ್ಲಿಂಗಿಗೆ ನೀವೇ ಟೀಚರ್



ಒಮ್ಮೆ ಒಂಬತ್ತನೇ ತರಗತಿಯಲ್ಲಿ ಬೆಳಕಿನ ಪಾಠ ಮಾಡುತ್ತಿದ್ದೆ. 'ಲೈಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆಯಲು ಒಬ್ಬ ಹುಡುಗನನ್ನು ಬೋರ್ಡಿನ ಹತ್ತಿರ ಕರೆದೆ. ಅವನು ಎಲ್, ಐ, ಟಿ ಎಂದು ಮೂರು ಅಕ್ಷರ ಬರೆದು ನಿಂತ. "ನಡುವೆ ಇನ್ನು ಎಂತದೋ ಉಂಟು ಟೀಚರ್, ಎಂತ ಅಂತ ಗೊತ್ತಿಲ್ಲ" ಎಂದ. ಕ್ಲಾಸ್ ನಕ್ಕಿತು. ನನಗೆ ನಗು ಬರಲಿಲ್ಲ. ಏಕೆಂದರೆ ನೀರಿನ ಲೋಟದಲ್ಲಿಟ್ಟ ಪೆನ್ಸಿಲ್ ಮುರಿದಂತೆ ಕಾಣುವುದು ಏಕೆ ಎಂದು ಹಿಂದಿನ ದಿನ ಅಚ್ಚುಕಟ್ಟಾಗಿ ಕನ್ನಡದಲ್ಲಿ ವಿವರಿಸಿದವನು ಅವನೇ. ಬೆಲ್ ಆದ ಮೇಲೆ ನನ್ನ ಹತ್ತಿರ ಬಂದು ಹೇಳಿದ: "ಪ್ಲಸ್ ವನ್‌ಗೆ ನಾನು ಸಯನ್ಸ್ ತಕ್ಕೊಳ್ಳುವುದಿಲ್ಲ ಟೀಚರ್. ಅದರಲ್ಲಿ ಎಲ್ಲ ಇಂಗ್ಲಿಷ್ ಅಲ್ವಾ?"

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದುವ ನಿಮಗೆ ಈ ಮಾತು ಹೊಸತಲ್ಲ. ಮನೆಯಲ್ಲಿ ತುಳುವೋ ಕನ್ನಡವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ. ಮೂರು ಭಾಷೆಗಳಲ್ಲಿ ಸಲೀಸಾಗಿ ಓಡಾಡುವ ಮಕ್ಕಳು ಇಂಗ್ಲಿಷ್ ಸ್ಪೆಲ್ಲಿಂಗಿನ ಹತ್ತಿರ ಬಂದು ಮುಗ್ಗರಿಸುತ್ತೀರಿ. ಈ ಹೆದರಿಕೆ ಹೈಸ್ಕೂಲಿನಲ್ಲಿ ಹುಟ್ಟಿದ್ದಲ್ಲ. ಎಲ್.ಪಿ. ಶಾಲೆಯ ಡಿಕ್ಟೇಶನ್ ಪುಸ್ತಕದ ಕೆಂಪು ಗೆರೆಗಳಲ್ಲಿ ಹುಟ್ಟಿದ್ದು. ಆದ್ದರಿಂದ ಮದ್ದು ಕೂಡ ಅಲ್ಲಿಂದಲೇ ಶುರುವಾಗಬೇಕು. ಆ ಮದ್ದು ಕೊಡಲು ಮನೆಯಲ್ಲಿ ಅತ್ಯಂತ ತಕ್ಕವರು ನೀವು, ಅಂದರೆ ಅಕ್ಕ ಮತ್ತು ಅಣ್ಣ. ಇದು ನನ್ನ ಅಭಿಪ್ರಾಯ.

ಮೊದಲು ಒಂದು ಕೆಲಸ ಬಿಡಿ: ತಪ್ಪಾದ ಪದವನ್ನು ಐವತ್ತು ಸಲ ಬರೆಸುವುದು. ನಾನು ಐದನೇ ತರಗತಿಯಲ್ಲಿದ್ದಾಗ 'ವೆನ್ಸ್‌ಡೇ' ಎಂಬ ಪದವನ್ನು ಐವತ್ತು ಸಲ ಬರೆದಿದ್ದೇನೆ. ಹೇಗೆ ಬರೆದೆ ಗೊತ್ತುಂಟಾ? ಮೊದಲು ಮೇಲಿನಿಂದ ಕೆಳಗೆ ಐವತ್ತು ಡಬ್ಲ್ಯೂ, ಆಮೇಲೆ ಐವತ್ತು ಇ, ಆಮೇಲೆ ಐವತ್ತು ಡಿ. ಕೈ ನೋಯಿತು, ಪದ ಬರಲಿಲ್ಲ. ನೀವೂ ಹಾಗೆ ಬರೆದವರೇ ಇರಬಹುದು. ಅದರಲ್ಲಿ ದುಡಿಯುವುದು ಬೆರಳು ಮಾತ್ರ.

ಹಾಗಾದರೆ ಏನು ಮಾಡುವುದು? ವಿಜ್ಞಾನದ ತರಗತಿಯಲ್ಲಿ ಮಾಡುವುದನ್ನೇ ಮಾಡಿ. ಗಮನಿಸಿ, ಗುಂಪು ಮಾಡಿ, ನಿಯಮ ಊಹಿಸಿ, ಪರೀಕ್ಷಿಸಿ.

ಒಂದು ಪ್ರಯೋಗ ನೋಡಿ. ತಂಗಿಗೆ 'ಟಬ್' ಬರೆಯಲು ಹೇಳಿ: ಟಿ, ಯು, ಬಿ. ಈಗ ಕೊನೆಗೆ ಒಂದು ಇ ಸೇರಿಸಿ. ಅದು 'ಟ್ಯೂಬ್' ಆಯಿತು. ಹಾಗೆಯೇ 'ಕ್ಯಾಪ್' ಹೋಗಿ 'ಕೇಪ್', 'ಕಿಟ್' ಹೋಗಿ 'ಕೈಟ್', 'ಹಾಪ್' ಹೋಗಿ 'ಹೋಪ್'. ಕೊನೆಯ ಇ ಬಾಯಿ ಬಿಡುವುದಿಲ್ಲ. ಆದರೆ ಅದು ಬಂದ ಕೂಡಲೇ ಹಿಂದಿನ ಸ್ವರಾಕ್ಷರ ತನ್ನ ಹೆಸರನ್ನೇ ಹೇಳತೊಡಗುತ್ತದೆ. ಈ ನಿಯಮವನ್ನು ನೀವು ಹೇಳಿಕೊಡಬೇಡಿ. ನಾಲ್ಕು ಜೋಡಿ ಬರೆದುಕೊಟ್ಟು "ಎಂತ ಬದಲಾಯಿತು?" ಎಂದು ಕೇಳಿ. ತಾನೇ ಕಂಡುಹಿಡಿದದ್ದನ್ನು ಮಗು ಸುಲಭದಲ್ಲಿ ಮರೆಯುವುದಿಲ್ಲ.

ಇನ್ನೊಂದು. 'ಕ್' ಶಬ್ದ ಪದದ ಕೊನೆಗೆ ಬಂದಾಗ ಕೆ ಮಾತ್ರ ಬರೆಯಬೇಕೋ, ಸಿ ಮತ್ತು ಕೆ ಎರಡೂ ಬೇಕೋ? ಬ್ಯಾಕ್, ನೆಕ್, ಸಿಕ್, ರಾಕ್, ಡಕ್ ಒಂದು ಗುಂಪು. ಬುಕ್, ಲುಕ್, ವೀಕ್ ಇನ್ನೊಂದು. ಮಿಲ್ಕ್, ಡೆಸ್ಕ್ ಮತ್ತೊಂದು. ಇವನ್ನು ಚೀಟಿಗಳಲ್ಲಿ ಬರೆದು ನೆಲದಲ್ಲಿ ಹರಡಿ ಗುಂಪು ಮಾಡಿಸಿ. ಒಂದೇ ಸ್ವರಾಕ್ಷರದ ಬೆನ್ನಿಗೆ ಬಂದಲ್ಲಿ ಸಿ-ಕೆ ಜೋಡಿ ಇದೆ. ಎರಡು ಸ್ವರಾಕ್ಷರ ಇದ್ದರೆ, ಅಥವಾ ನಡುವೆ ವ್ಯಂಜನ ಬಂದರೆ, ಬರೀ ಕೆ ಸಾಕು. ಹತ್ತು ಚೀಟಿಯ ಆಟ ಇದು.

"ಆದರೆ ಟೀಚರ್, ಇಂಗ್ಲಿಷಿನಲ್ಲಿ ನಿಯಮಕ್ಕಿಂತ ಅಪವಾದವೇ ಜಾಸ್ತಿ ಅಲ್ವಾ?" ಎಂದು ನೀವು ಕೇಳಬಹುದು. ಅಪವಾದ ಇದೆ, ಒಪ್ಪುತ್ತೇನೆ. ಆದರೆ ಹಲವು ಅಪವಾದಗಳಿಗೆ ಕಾರಣವೂ ಇದೆ. 'ಲೈಟ್' ಪದದ ನಡುವಿನ ಜಿ ಮತ್ತು ಎಚ್ ಒಂದು ಕಾಲದಲ್ಲಿ ಗಂಟಲಿನಿಂದ ಹೊರಡುತ್ತಿದ್ದ ಶಬ್ದ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ. ಆಮೇಲೆ ಬರವಣಿಗೆ ನಿಧಾನವಾಗಿ ಗಟ್ಟಿಯಾಯಿತು, ಉಚ್ಚಾರ ಬದಲಾಗುತ್ತಲೇ ಹೋಯಿತು. ಶಬ್ದ ಸತ್ತಿತು, ಅಕ್ಷರ ಉಳಿಯಿತು. ಅದೇ ಐ-ಜಿ-ಎಚ್-ಟಿ ನೈಟ್, ರೈಟ್, ಸೈಟ್, ಬ್ರೈಟ್ ಪದಗಳಲ್ಲೂ ಇದೆ. ಒಂದು ಕಲಿತರೆ ಐದು ಬಂತು. ಹಿಲ್, ಬೆಲ್, ಗ್ಲಾಸ್ ಪದಗಳ ಕೊನೆಯ ಅಕ್ಷರ ಎರಡು ಸಲ ಬರುತ್ತದೆ, 'ಗ್ಯಾಸ್' ಪದದಲ್ಲಿ ಬರುವುದಿಲ್ಲ. ಏಕೆಂದರೆ ಅದು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ರಸಾಯನಶಾಸ್ತ್ರಜ್ಞ ಗ್ರೀಕ್ ಪದವೊಂದನ್ನು ನೆನೆದು ಕಟ್ಟಿದ ಹೊಸ ಪದ. 'ಬಸ್' ಎಂಬುದು 'ಆಮ್ನಿಬಸ್' ಎಂಬ ಲ್ಯಾಟಿನ್ ಪದದ ಬಾಲ. ಇಂಥ ಕಥೆ ಹೇಳಿ ನೋಡಿ, ತಮ್ಮ ಬಾಯಿ ತೆರೆದು ಕೇಳುತ್ತಾನೆ.

ನಮ್ಮ ಮಕ್ಕಳ ಕೆಲವು ತಪ್ಪುಗಳು ನಮ್ಮವೇ. ಮೊಟ್ಟೆಗೆ ನಾವು 'ಯೆಗ್ಗ್' ಎನ್ನುತ್ತೇವೆ, ಮಗು ವೈ ಅಕ್ಷರದಿಂದ ಶುರು ಮಾಡುತ್ತದೆ. ಕನ್ನಡದಲ್ಲಿ ಇರುವುದು ಒಂದೇ ವ. ಹಾಗಾಗಿ ವಿ ಬರೆಯಬೇಕೋ ಡಬ್ಲ್ಯೂ ಬರೆಯಬೇಕೋ ಎಂದು ಕಿವಿ ಹೇಳುವುದಿಲ್ಲ. ಇದು ದಡ್ಡತನ ಅಲ್ಲ. ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದದ್ದು. ಬೈಯುವ ಮೊದಲು ಇದನ್ನು ನೆನಪಿಡಿ. ವಿ ಹೇಳುವಾಗ ಹಲ್ಲು ತುಟಿಗೆ ತಾಗುತ್ತದೆ, ಡಬ್ಲ್ಯೂ ಹೇಳುವಾಗ ತುಟಿ ಉರುಟಾಗುತ್ತದೆ. ಕನ್ನಡಿ ಕೊಟ್ಟು ತೋರಿಸಿ.

ದಿನಕ್ಕೆ ಹತ್ತು ನಿಮಿಷ ಸಾಕು. ಒಂದೇ ಗುಂಪಿನ ಐದು ಪದ ತೆಗೆದುಕೊಳ್ಳಿ. ನೋಡಲಿ, ಜೋರಾಗಿ ಹೇಳಲಿ, ಮುಚ್ಚಲಿ, ನೋಡದೆ ಬರೆಯಲಿ, ತೆರೆದು ತಾನೇ ತಿದ್ದಲಿ. ಕೆಂಪು ಪೆನ್ನು ಅವರ ಕೈಯಲ್ಲೇ ಇರಲಿ. ಮರುದಿನ ಆ ಐದನ್ನು ಮತ್ತೆ ಕೇಳಿ, ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮಗದೊಮ್ಮೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ವಿಷಯ ಇದು: ಕಲಿತದ್ದು ಮೊದಲು ವೇಗವಾಗಿ ಮರೆತುಹೋಗುತ್ತದೆ, ಒಂದೇ ಸಲ ಕೂತು ಓದುವುದಕ್ಕಿಂತ ದಿನಗಳ ಮೇಲೆ ಹಂಚಿ ಓದಿದರೆ ಹೆಚ್ಚು ಉಳಿಯುತ್ತದೆ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲವೇ? ಚಿಂತೆ ಬೇಡ. ಬೀಡಿ ಕಟ್ಟುತ್ತಾ ಕೂತ ಅಮ್ಮನಿಗೆ ತಂಗಿ ಆ ದಿನದ ನಿಯಮವನ್ನು ತುಳುವಿನಲ್ಲೋ ಕನ್ನಡದಲ್ಲೋ ವಿವರಿಸಲಿ. ಅಮ್ಮನಿಗೆ ಅರ್ಥವಾದರೆ ತಂಗಿಗೆ ಪಾಠ ಬಂತು ಎಂದೇ ಲೆಕ್ಕ.

ಸ್ಪೆಲ್ಲಿಂಗ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವ ಮನೆಗಳನ್ನು ನಾನು ನೋಡಿದ್ದೇನೆ. ಆ ತಂದೆ ತಾಯಿಯರನ್ನು ದೂರುವುದಿಲ್ಲ, ಅವರ ಹೆದರಿಕೆ ನಿಜ. ಆದರೆ ಶಾಲೆ ಬದಲಾದ ಮಾತ್ರಕ್ಕೆ ಸ್ಪೆಲ್ಲಿಂಗ್ ಬಂದುಬಿಡುವುದಿಲ್ಲ. ಕಾಗುಣಿತ ಕಲಿತ ಮಗುವಿಗೆ ಪದವನ್ನು ಶಬ್ದ ಶಬ್ದವಾಗಿ ಬಿಡಿಸುವ ಅಭ್ಯಾಸ ಮೊದಲೇ ಇದೆ. ಅದರ ಮೇಲೆ ಇಂಗ್ಲಿಷನ್ನು ಕಟ್ಟಬಹುದು.

ಆ ಹುಡುಗ ಈಗ ಹತ್ತನೇ ತರಗತಿ. ಸಯನ್ಸ್ ತೆಗೆದುಕೊಳ್ಳುತ್ತಾನೋ ಇಲ್ಲವೋ ಇನ್ನೂ ನಿರ್ಧಾರ ಆಗಿಲ್ಲ. ಆದರೆ ಮೂರನೇ ತರಗತಿಯ ತನ್ನ ತಮ್ಮನಿಗೆ ಸಂಜೆ ಚೀಟಿ ಆಡಿಸುತ್ತಾನೆ. "ಅವನಿಗೆ ಕಲಿಸುವಾಗ ನನಗೇ ಬರ್ತಾ ಉಂಟು ಟೀಚರ್" ಎಂದ ಮೊನ್ನೆ. ಇವತ್ತು ಸಂಜೆ ನಿಮ್ಮ ಮನೆಯಲ್ಲೂ ಹತ್ತು ಚೀಟಿ ಕತ್ತರಿಸಿ ನೋಡಿ.