ಪರದೆ ಬರಲಿ, ಸರ್ಕಲ್‌ಗೆ ಬೇಡ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಕಲಬುರಗಿ ಸೀಮೆಯ ಹಳ್ಳಿಗಳು ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದಲೇ ಟಿ.ವಿ. ನೋಡುತ್ತಿದ್ದವು. ಸಾಹುಕಾರರ ಮನೆಯ ಕಿಟಕಿಯಲ್ಲಿ ಇಣುಕಬೇಕಾದ ಪಾಡು ಇರಲಿಲ್ಲ. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟಡದ ಮುಂದೋ ಊರ ಮಂದಿ ಒಟ್ಟಿಗೆ ಕೂತು ನೋಡುತ್ತಿದ್ದರು.

ಉಪಗ್ರಹದ ಮೂಲಕ ಹಳ್ಳಿಗೆ ಟಿ.ವಿ. ತಲುಪಿಸಿದ, ‘ಸೈಟ್’ ಎಂಬ ಚುಟುಕು ಹೆಸರಿನ ಆ ಪ್ರಯೋಗ ವಿಕ್ರಮ್ ಸಾರಾಭಾಯಿ ಅವರ ಕನಸು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. 1971ರ ಕೊನೆಯಲ್ಲಿ ಸಾರಾಭಾಯಿ ತೀರಿಕೊಂಡರೂ ಇಸ್ರೊ ಕೆಲಸ ನಿಲ್ಲಿಸಲಿಲ್ಲ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯ ಟಿ.ವಿ. ಇಡಲಾಯಿತು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಹೊಡೆಯುವ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬೋಗುಣಿಯಂಥ ಆಂಟೆನಾ. ಅದಕ್ಕೆ ಜೋಡಿಸಿದ ಒಂದು ಕಪ್ಪು-ಬಿಳುಪು ಪೆಟ್ಟಿಗೆ. ಬೆಳಿಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಸುದ್ದಿ, ನಡುನಡುವೆ ಹಾಡು ಕುಣಿತ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ತಯಾರಾಗುತ್ತಿದ್ದವು.

1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಉಪಗ್ರಹ ಅಮೆರಿಕದ ಕಡೆ ಸರಿಯಿತು. ಆದರೆ ಹತ್ತಿದ ರುಚಿ ಹೋಗಲಿಲ್ಲ. 1977ರಲ್ಲಿ ಕಲಬುರಗಿಯಲ್ಲೇ ಟಿ.ವಿ. ಪ್ರಸಾರ ಕೇಂದ್ರ ಆರಂಭವಾಯಿತು. ರಾಜಧಾನಿಗಿಂತ ಮೊದಲು ಹೈದರಾಬಾದ್ ಕರ್ನಾಟಕಕ್ಕೆ ಬಂದ ಸೌಲಭ್ಯಗಳನ್ನು ಎಣಿಸಹೊರಟರೆ ಬೆರಳು ಹೆಚ್ಚು ಮಡಚಬೇಕಾಗುವುದಿಲ್ಲ, ಇದು ಅವುಗಳಲ್ಲೊಂದು.

ಈ ಹಳೆಯ ಕಥೆಯನ್ನು ಈಗ ತೆಗೆಯಲು ಕಾರಣವಿದೆ. ಎಲ್‌ಇಡಿ ಪರದೆ ದೊಡ್ಡ ನಗರಗಳನ್ನು ದಾಟಿ ತಾಲ್ಲೂಕು ಪಟ್ಟಣಗಳ ಬಾಗಿಲಿಗೆ ಬಂದಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು, ಅದೇ ವರ್ಷದ ನವೆಂಬರ್ 19ರಂದು ವಿಶ್ವಕಪ್ ಕ್ರಿಕೆಟ್ ಫೈನಲ್ ಅನ್ನು ರಾಜ್ಯದ ಎಷ್ಟೋ ಊರುಗಳ ಜನ ಬಾಡಿಗೆ ಪರದೆಯ ಮುಂದೆ ನಿಂತು ನೋಡಿದರು. ಒಂದು ದಿನಕ್ಕೆ ತಂದದ್ದನ್ನು ಊರ ಸರ್ಕಲ್‌ನಲ್ಲಿ ಕಾಯಂ ಇಟ್ಟರೇನು ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಹುಟ್ಟಿದೊಡನೆ ಊರು ಎರಡು ಭಾಗವಾಗುತ್ತದೆ.

ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಕಲಬುರಗಿ ಜಿಲ್ಲೆಯ ಜೇವರ್ಗಿಯಂಥ ಊರಿನಲ್ಲಿ ಸಂಜೆ ಆರರ ಮೇಲೆ ಹರೆಯದ ಹುಡುಗರಿಗೆ ಹೋಗಲು ಒಂದು ತಾಣವಿಲ್ಲ. ಮಿರ್ಚಿ ಭಜಿ, ಸುಸಲಾ ಮಾರುವ ಬಂಡಿಯವರಿಗೆ ಜನ ನಿಂತಷ್ಟೂ ವ್ಯಾಪಾರ. ಬಸ್ಸಿಗಾಗಿ ತಾಸುಗಟ್ಟಲೆ ಕಾಯುವವರಿಗೆ ಹೊತ್ತು ಹೋಗುತ್ತದೆ. ಬೆಂಗಳೂರು, ಮೈಸೂರಿನವರಿಗೆ ಇರುವುದು ನಮಗೂ ಇರಲಿ ಎಂಬ ಆಸೆಯನ್ನು ಯಾರೂ ಹಗುರವಾಗಿ ಕಾಣಬಾರದು. ವಿಶೇಷ ಸ್ಥಾನ ನೀಡುವ ಸಂವಿಧಾನದ 371ಜೆ ವಿಧಿಗಾಗಿ ದಶಕಗಟ್ಟಲೆ ಕೂಗಿದ ನೆಲದಲ್ಲಿ ಆ ಆಸೆಗೆ ಬೇರು ಆಳವಾಗಿದೆ.

ಬೇಡ ಎನ್ನುವವರದ್ದೂ ಬರೀ ಗೊಣಗಾಟವಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದ, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಕೊಡ ಸಾಲು ಹಚ್ಚುವ ಊರಿಗೆ ಮೊದಲು ಪರದೆಯೇ ಬೇಕೇ ಎಂದು ಅವರು ಕೇಳುತ್ತಾರೆ. ಪರದೆಯ ಮುಂದೆ ನೆರೆಯುವ ಗುಂಪಿನಲ್ಲಿ ಗಂಡಸರೇ ತುಂಬಿದರೆ, ಕಾಲೇಜು ಬಿಟ್ಟು ಬಸ್ ಹಿಡಿಯುವ ಹುಡುಗಿ ಆ ದಾರಿ ತಪ್ಪಿಸಿ ಸುತ್ತು ಹಾಕಬೇಕಾಗುತ್ತದೆ. ಎದುರಿನ ಮಾಳಿಗೆಯಲ್ಲಿ ಮಲಗಿದ ಕೂಸಿಗೆ, ಪರೀಕ್ಷೆಗೆ ಓದುವವರಿಗೆ, ಹಾಸಿಗೆ ಹಿಡಿದ ಹಿರಿಯರಿಗೆ ಆ ಬೆಳಕು ರಾತ್ರಿಯಿಡೀ ಗೋಡೆಯ ಮೇಲೆ ಬಣ್ಣ ಬದಲಿಸುತ್ತಿರುತ್ತದೆ. ಟಿ.ವಿ. ಬೇಡವೆಂದರೆ ಮನೆಯಲ್ಲಿ ಆರಿಸಬಹುದು. ಸರ್ಕಲ್‌ನ ಪರದೆಯನ್ನು ಎದುರು ಮನೆಯವರು ಹೇಗೆ ಆರಿಸಬೇಕು?

ಎರಡೂ ಕಡೆಯ ಮಾತನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಬೇಕು ಎನ್ನುವವರು ಕೇಳುತ್ತಿರುವುದು ಕೂಡಿ ಕೂರುವ ಒಂದು ಜಾಗವನ್ನು. ಬೇಡ ಎನ್ನುವವರು ಹೆದರುತ್ತಿರುವುದು ತಪ್ಪಿಸಿಕೊಳ್ಳಲಾಗದ ಒಂದು ವಸ್ತುವಿಗೆ. ಜಗಳ ಪರದೆಯದ್ದಕ್ಕಿಂತ ಹೆಚ್ಚಾಗಿ ಅದು ನಿಲ್ಲುವ ಜಾಗದ್ದು.

ಸರ್ಕಲ್ ಆ ಜಾಗವಲ್ಲವೇ ಅಲ್ಲ. ಜೇವರ್ಗಿಯ ವಿಷಯದಲ್ಲಂತೂ ಇದನ್ನು ಒತ್ತಿ ಹೇಳಬೇಕು. ಬೀದರ್, ಕಲಬುರಗಿ ಕಡೆಯಿಂದ ಬಂದು ಸಿಂದಗಿ, ವಿಜಯಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಈ ಊರನ್ನು ಹಾಯುತ್ತದೆ. ಚಾಮರಾಜನಗರದವರೆಗೆ ಹೋಗುವ 150ಎ ಹೆದ್ದಾರಿ ಶುರುವಾಗುವುದೂ ಇಲ್ಲಿಂದಲೇ. ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್, ದೂರದ ಲಾರಿ, ಹಳ್ಳಿಗೆ ಹೊರಟ ಟಂಟಂ, ಕೆಕೆಆರ್‌ಟಿಸಿ ಬಸ್ಸು ಒಂದೇ ತಿರುವಿನಲ್ಲಿ ಮೂತಿ ತೂರಿಸುವ ಹೊತ್ತಿನಲ್ಲಿ, ಚಾಲಕನ ಕಣ್ಣು ಒಂದು ಕ್ಷಣ ಮೇಲಿನ ಸಿನಿಮಾ ತುಣುಕಿಗೆ ಹೋದರೆ ಸಾಕು. ಭಾರತೀಯ ರಸ್ತೆ ಕಾಂಗ್ರೆಸ್ 1972ರಲ್ಲೇ ರಸ್ತೆಬದಿ ಜಾಹೀರಾತಿಗೆ ನಿಯಮಾವಳಿ ರೂಪಿಸಿದೆ. ಕೂಡುರಸ್ತೆಯಿಂದ 100 ಮೀಟರ್ ಒಳಗೆ, ಪಟ್ಟಣಗಳಲ್ಲಿ 50 ಮೀಟರ್ ಒಳಗೆ ಜಾಹೀರಾತು ಫಲಕ ಇರಬಾರದು ಎನ್ನುತ್ತದೆ ಅದು. ಅಲುಗಾಡದ ಫಲಕವೇ ಬೇಡವೆಂದ ಕಡೆ ಓಡುವ ಚಿತ್ರಕ್ಕೆ ಎಲ್ಲಿಯ ಜಾಗ?

ಬೆಳಕಿನ ಲೆಕ್ಕವೂ ಇದೆ. ನಮ್ಮ ಬಿಸಿಲಿನಲ್ಲಿ ಪರದೆ ಕಾಣಬೇಕಾದರೆ ಅದರ ಪ್ರಖರತೆ ಸುಮಾರು 5,000 ನಿಟ್ಸ್ ಬೇಕು. ಕತ್ತಲಾದ ಮೇಲೆ ಅದರ ಹತ್ತನೇ ಒಂದು ಪಾಲೂ ಹೆಚ್ಚೇ. ತಾನಾಗಿ ಬೆಳಕು ತಗ್ಗಿಸುವ ಸಾಧನವನ್ನು ಅಳವಡಿಸದಿದ್ದರೆ, ಅಳವಡಿಸಿಯೂ ಯಾರೂ ನೋಡಿಕೊಳ್ಳದಿದ್ದರೆ, ರಾತ್ರಿ ಎದುರು ಬರುವ ಬೈಕ್ ಸವಾರನ ಕಣ್ಣು ಕತ್ತಲೆಗಟ್ಟುತ್ತದೆ. ಇನ್ನು ಗಾಳಿ. ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಈ ಬಯಲುಸೀಮೆಯಲ್ಲಿ ಏಳುವ ಬಿರುಗಾಳಿ ಪತ್ರಾಸಿನ ಸೂರನ್ನೇ ಎತ್ತಿ ಹಾಕುತ್ತದೆ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಇಂಥದೇ ಗಾಳಿಗೆ 120 ಅಡಿ ಉದ್ದಗಲದ ಫಲಕ ಪೆಟ್ರೋಲ್ ಬಂಕ್ ಮೇಲೆ ಉರುಳಿ 17 ಜನ ಸತ್ತರು.

ಪರದೆ ಬಂದ ಮೇಲೆ ಅದರಲ್ಲಿ ಏನು ಬರುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಯಾರೂ ಕೇಳದೆ ಬಿಟ್ಟರೆ ಉತ್ತರ ಗೊತ್ತಿರುವಂಥದ್ದೇ: ಹುಟ್ಟುಹಬ್ಬದ ಶುಭಾಶಯ, ಚಿನ್ನದಂಗಡಿಯ ರಿಯಾಯಿತಿ, ಕೋಚಿಂಗ್ ಕೇಂದ್ರದ ರ್‍ಯಾಂಕ್ ಪಟ್ಟಿ. ಹಳೆಯ ಫ್ಲೆಕ್ಸ್‌ಗೆ ಕರೆಂಟು ಕೊಟ್ಟಂತೆ. ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರಿಂದ ಕಾಯ್ದೆಯಿದೆ. ಆದರೂ ಬೆಂಗಳೂರಿನ ಫ್ಲೆಕ್ಸ್‌ಗಳು ಸಾವಿರಗಟ್ಟಲೆ ಕೆಳಗಿಳಿಯಲು 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಬೇಕಾಯಿತು. ಬ್ರೆಜಿಲ್‌ನ ಸಾವೊ ಪಾವ್ಲೊ ನಗರ 2007ರಲ್ಲಿ ಹೊರಾಂಗಣ ಜಾಹೀರಾತನ್ನೇ ನಿಷೇಧಿಸಿತು. ಸಾವಿರಾರು ಫಲಕ ಕಿತ್ತ ಮೇಲೆ ಅಲ್ಲಿನ ಜನಕ್ಕೆ ತಮ್ಮದೇ ಊರಿನ ಕಟ್ಟಡಗಳ ಮುಖ ಕಂಡಿತು.

ಪರದೆಯನ್ನು ಊರಿನ ಹೆಸರಿನಲ್ಲೇ ನಡೆಸಲು ಹೊರಟವರೂ ಇದ್ದಾರೆ. ಬ್ರಿಟನ್ನಿನ ಬಿಬಿಸಿ 2003ರಲ್ಲಿ ಮ್ಯಾಂಚೆಸ್ಟರ್‌ನ ಚೌಕವೊಂದರಲ್ಲಿ ದೊಡ್ಡ ಪರದೆ ನಿಲ್ಲಿಸಿ, ನಗರಾಡಳಿತಗಳ ಜೊತೆ ಸೇರಿ ಅದನ್ನು ಬೇರೆ ಊರುಗಳಿಗೂ ಹಬ್ಬಿಸಿತು. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಅವು ಇಪ್ಪತ್ತು ದಾಟಿದ್ದವು. ಮರುವರ್ಷವೇ ಬಿಬಿಸಿ ಹಿಂದೆ ಸರಿಯಿತು, ಖರ್ಚಿನ ಹೊರೆ ಊರುಗಳ ಹೆಗಲಿಗೆ ಬಿತ್ತು. ಕಾಸು ಬಿಚ್ಚುವವರು ಕೈಬಿಟ್ಟ ಮೇಲೆ ಕರೆಂಟು ಬಿಲ್ಲು, ದುರಸ್ತಿ ಯಾರದು ಎಂಬುದನ್ನು ಶಂಕುಸ್ಥಾಪನೆಗೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಮೂರನೇ ವರ್ಷಕ್ಕೆ ಅರ್ಧ ಕಪ್ಪಾಗಿ, ಉಳಿದರ್ಧ ಹಸಿರು ಗೆರೆ ಎಳೆಯುವ ಪರದೆಯನ್ನು ನಮ್ಮ ಊರುಗಳು ಹೊಸದಾಗಿ ನೋಡಬೇಕಾಗಿಲ್ಲ. ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳು ಆ ಪಾಠವನ್ನು ಈಗಾಗಲೇ ಕಲಿಸಿವೆ.

‘ಸೈಟ್’ ಪೆಟ್ಟಿಗೆಯ ಬಗ್ಗೆ ಮೆಚ್ಚಬೇಕಾದ ಮಾತುಗಳು ಮೂರು. ಒಂದು, ಅದಕ್ಕೆ ಹೊತ್ತು ಗೊತ್ತಿತ್ತು: ದಿನಕ್ಕೆ ನಾಲ್ಕು ತಾಸು ಉರಿದು ಉಳಿದ ಇಪ್ಪತ್ತು ತಾಸು ಸುಮ್ಮನಿರುತ್ತಿತ್ತು. ಎರಡು, ಅದನ್ನು ಹಚ್ಚಿ ಆರಿಸುವ ಹೊಣೆ ಊರೊಳಗಿನ ಒಬ್ಬರ ಮೇಲಿತ್ತು. ಮೂರು, ಜನರಿಗೆ ಏನು ಮುಟ್ಟಿತು, ಏನು ಮುಟ್ಟಲಿಲ್ಲ ಎಂದು ಕೇಳುವವರಿದ್ದರು. ಸಂಶೋಧಕರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು ಅದನ್ನೇ ಬರೆದಿಟ್ಟರು. ಕೊರತೆಯೂ ಇತ್ತು. ಸಂಜೆ ಅರ್ಧ ತಾಸು ಎಲ್ಲ ರಾಜ್ಯಗಳಿಗೂ ಹಿಂದಿಯ ಒಂದೇ ಕಾರ್ಯಕ್ರಮ ಬರುತ್ತಿತ್ತು. ಕಾರ್ಯಕ್ರಮ ಕಟ್ಟುವವರು ಹೈದರಾಬಾದಿನಲ್ಲಿ, ನೋಡುವವರು ಭೀಮಾ ದಂಡೆಯಲ್ಲಿ. ಅಷ್ಟು ದೂರ ಇರುವಲ್ಲಿ ಊರಿನ ಮಾತು ಪರದೆಗೆ ಏರುವುದು ಕಷ್ಟ.

ಆ ಕೊರತೆಯನ್ನು ಇಂದು ತುಂಬಿಕೊಳ್ಳಬಹುದು. ಆಗ ಉಪಗ್ರಹ ಬೇಕಾಗಿದ್ದ ಕೆಲಸಕ್ಕೆ ಈಗ ಒಂದು ಮೊಬೈಲ್ ಸಾಕು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟು ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಸೊನ್ನ ಬ್ಯಾರೇಜಿನಿಂದ ಈ ಹೊತ್ತಿಗೆ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ, ಕಟ್ಟಿಸಂಗಾವಿ ಸೇತುವೆ ಮೇಲೆ ಸಂಚಾರ ಇದೆಯೇ ಎಂಬ ಎರಡು ಸಾಲು ದೊಡ್ಡಕ್ಷರದಲ್ಲಿ ಬಂದರೆ ಎಷ್ಟು ಮನೆಗೆ ನೆರವು! 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಎಪಿಎಂಸಿಯಲ್ಲಿ ಇವತ್ತು ನಡೆದ ದರ ಅದರ ಪಕ್ಕದಲ್ಲೇ ಕಂಡರೆ, ಚೀಲ ಇಳಿಸುವ ಮೊದಲೇ ರೈತನಿಗೆ ಚೌಕಾಶಿಗೆ ಬಲ ಬರುತ್ತದೆ. ಕೊನೆಯ ಬಸ್ಸಿನ ಹೊತ್ತು, ತಾಲ್ಲೂಕು ಆಸ್ಪತ್ರೆಯಲ್ಲಿ ಇವತ್ತು ಯಾವ ತಜ್ಞರಿದ್ದಾರೆ, ಯಾವ ಅರ್ಜಿಗೆ ಎಂದು ಕಡೆಯ ದಿನ ಎಂಬುವೂ ಅಷ್ಟೇ ಬೆಲೆಯ ಸುದ್ದಿ. ಇಂಥ ಮಾಹಿತಿಗೆ ಬಸ್ ನಿಲ್ದಾಣದ ಒಳಗಿನ, ಅಕ್ಷರವಷ್ಟೇ ಮೂಡುವ ಸಣ್ಣ ಫಲಕ ಸಾಲುತ್ತದೆ.

ದೊಡ್ಡ ಪರದೆ ಇರಬೇಕಾದದ್ದು ಜನ ಕೂರುವ ಕಡೆ, ಶಾಲೆಯ ಮೈದಾನದಲ್ಲೋ ಜಾತ್ರೆಯ ಬಯಲಿನಲ್ಲೋ. ರಾತ್ರಿಯಿಡೀ ದೊಡ್ಡಾಟ ನೋಡಿ ಬೆಳೆದ ಸೀಮೆ ಇದು. ಬಯಲಲ್ಲಿ ಕೂತು ನೋಡುವುದನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ವಾರದಲ್ಲಿ ಎರಡೋ ಮೂರೋ ಸಂಜೆ, ಮೊದಲೇ ಬರೆದು ಅಂಟಿಸಿದ ವೇಳಾಪಟ್ಟಿಯಂತೆ ಒಂದು ಒಳ್ಳೆಯ ಕನ್ನಡ ಸಿನಿಮಾ, ಒಂದು ಪಂದ್ಯ, ಊರಿನ ಮಕ್ಕಳದ್ದೇ ಒಂದು ನಾಟಕದ ಚಿತ್ರೀಕರಣ. ಹೆಣ್ಣುಮಕ್ಕಳು ಕೂರಲು ಜಾಗ, ಬೆಳಕಿನ ದಾರಿ, ಹತ್ತಿರದಲ್ಲೊಂದು ಶೌಚಾಲಯ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂದು ಶಬ್ದಮಾಲಿನ್ಯ ನಿಯಮ 2000ರಿಂದಲೇ ಹೇಳುತ್ತಿದೆ. ಪರದೆಯೂ ಅದರ ಜೊತೆಗೇ ಆರಲಿ.

ಇದಕ್ಕೆ ಕೋಟಿಯ ಟೆಂಡರು ಬೇಕಿಲ್ಲ. ಪುರಸಭೆ ಮೊದಲು ಮೂರು ತಿಂಗಳಿಗೆ ಬಾಡಿಗೆ ಪರದೆ ತರಲಿ. ಪ್ರತಿ ತಿಂಗಳ ಕೊನೆಗೆ ಎಷ್ಟು ಜನ ಬಂದರು, ಅವರಲ್ಲಿ ಹೆಂಗಸರೆಷ್ಟು, ಕರೆಂಟಿಗೆ ಎಷ್ಟಾಯಿತು ಎಂಬುದನ್ನು ಕಚೇರಿಯ ಬಾಗಿಲಿಗೆ ಅಂಟಿಸಲಿ. ಆಮೇಲೆ ವಾರ್ಡ್ ವಾರ್ಡಿನಲ್ಲಿ ಸಭೆ ಕರೆದು ಕೇಳಲಿ: ಭಜಿ ಬಂಡಿಯವರನ್ನು, ಟಂಟಂ ಚಾಲಕರನ್ನು, ಪರೀಕ್ಷೆಗೆ ಕೂತ ಹುಡುಗರನ್ನು, ಸಂತೆಗೆ ಬಂದು ಹೊತ್ತು ಮುಳುಗುವ ಮುಂಚೆ ಹಳ್ಳಿಗೆ ಮರಳುವ ಹೆಣ್ಣುಮಕ್ಕಳನ್ನು. ಅವರು ಬೇಡವೆಂದರೆ ಬಾಡಿಗೆ ಲಾರಿ ಬಂದ ದಾರಿಯಲ್ಲೇ ಪರದೆಯನ್ನು ಹೇರಿಕೊಂಡು ಹೋಗುತ್ತದೆ, ಮೈದಾನ ಮಕ್ಕಳ ಆಟಕ್ಕೆ ಉಳಿಯುತ್ತದೆ.