ಬಚ್ಚಲ ನೀರಿನ ಸದುಪಯೋಗವೂ ಅದರ ಕಟ್ಟಳೆಗಳೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಒಕ್ಕಲಿಗನಿಗೆ ನೀರಿನ ಬೆಲೆಯನ್ನು ಬೇರೊಬ್ಬರು ಹೇಳಿಕೊಡಬೇಕಾದುದಿಲ್ಲ. ಉತ್ತರಕ್ಕೆ ಭೀಮೆಯೂ ದಕ್ಷಿಣಕ್ಕೆ ಕೃಷ್ಣೆಯೂ ಹರಿಯುತ್ತಿದ್ದರೂ, ಕಾಲುವೆಯ ನೀರು ಮುಟ್ಟದ ಎರೆಭೂಮಿಯು ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಳೆಯನ್ನೇ ನಂಬಿಕೊಂಡಿರುತ್ತದೆ. ಆ ಮಳೆಯಾದರೂ ಕಾಲಕ್ಕೆ ಸರಿಯಾಗಿ ಬರುವದೆಂಬ ಭರವಸೆಯಿಲ್ಲ. ನಡುವೆ ಹರಿಯುವ ಡೋಣಿಯ ನೀರು ಉಪ್ಪಾದುದು. ಇಂಥ ಸೀಮೆಯಲ್ಲಿ ಪ್ರತಿನಿತ್ಯವೂ ಮನೆಮನೆಯ ಬಚ್ಚಲಿನಿಂದ ಹೊರಬೀಳುವ ನೀರು ಓಣಿಯಲ್ಲಿ ನಿಂತು ಕೊಳೆಯುವದು ಸಹಿಸತಕ್ಕ ಸಂಗತಿಯಲ್ಲ.

ಹೆಣ್ಣುಮಕ್ಕಳು ಬಾವಿಯಿಂದ ಕೊಡಗಳಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಬಚ್ಚಲಿನ ನೀರು ಅಲ್ಪವಾಗಿತ್ತು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯು ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ನಳದ ಮೂಲಕ ಮನೆಗೆ ಮುಟ್ಟಿಸುವ ಗುರಿಯನ್ನಿಟ್ಟುಕೊಂಡಿತು. ಐವರ ಸಂಸಾರಕ್ಕೆ ಇದು 275 ಲೀಟರ್ ಆಗುವದು. ಅದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 180 ಲೀಟರ್, ಸ್ನಾನ, ಬಟ್ಟೆ, ಪಾತ್ರೆಗಳ ನೀರಾಗಿ ಹೊರಬೀಳುವದು. ನೀರು ಒಳಗೆ ಬರುವ ದಾರಿಯನ್ನು ಮಾಡಿದಷ್ಟು ಆಸ್ಥೆಯಿಂದ ಹೊರಗೆ ಹೋಗುವ ದಾರಿಯನ್ನು ಅನೇಕ ಊರುಗಳಲ್ಲಿ ಯಾರೂ ವಿಚಾರಿಸಲಿಲ್ಲ.

ಈ ವಿಷಯದಲ್ಲಿ ಎರಡು ಬಗೆಯ ತಪ್ಪು ತಿಳುವಳಿಕೆಗಳಿವೆ. ಬಚ್ಚಲ ನೀರು ಹೊಲಸು, ಅದರಿಂದ ಬೆಳೆದುದನ್ನು ಮುಟ್ಟಬಾರದೆಂದು ಕೆಲವರು ಹೇಳುವರು. ನೀರೆಲ್ಲವೂ ನೀರೇ, ಗಟಾರದ ನೀರನ್ನೂ ಪಲ್ಯದ ಮಡಿಗೆ ಹಾಯಿಸಬಹುದೆಂದು ಮತ್ತೆ ಕೆಲವರು ನಡೆಯುವರು. ಮೊದಲನೆಯವರು ಸಂಪತ್ತನ್ನು ಚೆಲ್ಲುತ್ತಾರೆ. ಎರಡನೆಯವರು ರೋಗವನ್ನು ಬಿತ್ತುತ್ತಾರೆ. ಹೊಲದಲ್ಲಿ ಬಿದ್ದ ಮಳೆಯನ್ನು ಹೊಲದಲ್ಲಿಯೇ ಹಿಡಿದು ನಿಲ್ಲಿಸಬೇಕೆಂಬುದು ಒಣಬೇಸಾಯದ ಮೂಲಪಾಠ. ಅದೇ ನ್ಯಾಯವನ್ನು ಮನೆಗೂ ಅನ್ವಯಿಸಿ, ಮನೆಯ ನೀರನ್ನು ಮನೆಯ ಹಿತ್ತಲಿನಲ್ಲಿಯೇ ಮುಗಿಸುವದು ಯುಕ್ತವಾದುದು. ಆದರೆ ಅದಕ್ಕೆ ಕಟ್ಟಳೆಗಳು ಬೇಕು.

ಮೊದಲನೆಯದಾಗಿ, ಯಾವ ನೀರನ್ನು ಉಪಯೋಗಿಸಬೇಕೆಂಬ ವಿವೇಚನೆ. ಸ್ನಾನದ ನೀರೂ ಬಟ್ಟೆಗಳನ್ನು ಜಾಲಿಸಿದ ನೀರೂ ಯೋಗ್ಯವಾದುವು. ಪಾತ್ರೆ ತೊಳೆದ ನೀರಿನಲ್ಲಿ ಜಿಡ್ಡೂ ಅನ್ನದ ಅಗುಳೂ ಇರುವದರಿಂದ ಅದನ್ನು ಹರಳು ಮರಳು ತುಂಬಿದ ತೂತುಗಡಿಗೆಯಲ್ಲಿ ಸೋಸಿ ಬಿಡತಕ್ಕದ್ದು. ಪಾಯಖಾನೆಯ ನೀರು, ಕೂಸುಗಳ ಮಲದ ಬಟ್ಟೆ ತೊಳೆದ ನೀರು, ರೋಗಿಗಳ ಹಾಸಿಗೆ ಬಟ್ಟೆಗಳ ನೀರು, ಔಷಧಿ ಸಿಂಪಡಿಸುವ ಪಂಪು ತೊಳೆದ ನೀರು ಇವುಗಳನ್ನು ಎಂದಿಗೂ ಇದರಲ್ಲಿ ಕೂಡಿಸತಕ್ಕದ್ದಲ್ಲ.

ಎರಡನೆಯದಾಗಿ, ಯಾವ ಗಿಡಕ್ಕೆ ಹಾಕಬೇಕೆಂಬುದು. ತೆಂಗು, ಬಾಳೆ, ನುಗ್ಗೆ ಮೊದಲಾದ, ಫಲವು ನೆಲಕ್ಕೆ ತಾಗದ ಗಿಡಗಳು ಉತ್ತಮ. ಈ ಸೀಮೆಯಲ್ಲಿ ಜೋಳದ ರೊಟ್ಟಿಯ ಸಂಗಡ ಹಸಿಯಾಗಿಯೇ ತಿನ್ನುವ ಹಕ್ಕರಕಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿಗಳ ಮಡಿಗೆ ಈ ನೀರು ಸರ್ವಥಾ ಕೂಡದು. ಬೇಯಿಸದ ಆಹಾರದ ಮೂಲಕವೇ ಹೊಟ್ಟೆಯ ರೋಗಗಳು ಹರಡುವವು. ನೀರನ್ನು ಎಲೆಗಳ ಮೇಲೆ ಚಿಮುಕಿಸದೆ, ಬೇರಿನ ಸುತ್ತಲಿನ ಪಾತಿಗೆ ಬಿಟ್ಟು, ಮೇಲೆ ಜೋಳದ ರವದಿಯನ್ನು ಮುಚ್ಚಬೇಕು.

ಮೂರನೆಯದು ಎರೆಭೂಮಿಗೇ ಸಂಬಂಧಪಟ್ಟದ್ದು. ಜಮೀನುದಾರರು ಇದನ್ನು ವಿಶೇಷವಾಗಿ ಲಕ್ಷಿಸತಕ್ಕದ್ದು. ಬಟ್ಟೆ ಒಗೆಯುವ ಸೋಡಾ ಮತ್ತು ಪುಡಿಗಳಲ್ಲಿ ಸೋಡಿಯಂ ಎಂಬ ಕ್ಷಾರವಿರುತ್ತದೆ. ಅದು ಎರೆಮಣ್ಣಿನ ಕಣಗಳನ್ನು ಬಿಡಿಸಿ ಸಂದುಗಳನ್ನು ಮುಚ್ಚುವದು. ಆಗ ನೀರು ಇಂಗದು, ನೆಲ ಕಲ್ಲಾಗುವದು, ಮೇಲೆ ಬಿಳಿಯ ಉಪ್ಪು ಏಳುವದು. ಇಂಡಿ, ಸಿಂದಗಿಗಳಿಗೆ ಹೆಸರು ತಂದ ಲಿಂಬೆಯ ಗಿಡವು ಉಪ್ಪನ್ನು ತಾಳಲಾರದ ಜಾತಿಯದು. ಆದುದರಿಂದ ಸೋಡಾ ಹಾಕಿದ ಮೊದಲ ನೀರನ್ನು ಬೇರೆಯಾಗಿ ಬಿಟ್ಟು, ಒಂದೇ ಜಾಗಕ್ಕೆ ವರ್ಷಾನುಗಟ್ಟಲೆ ಹಾಕದೆ ಸ್ಥಳವನ್ನು ಬದಲಿಸುತ್ತಿರಬೇಕು. ಬೇಸಿಗೆಯಲ್ಲಿಯೂ ಒಂದು ಚದರ ಮೀಟರಿಗೆ ದಿನಕ್ಕೆ 6 ಲೀಟರ್ ಮೀರದಿದ್ದರೆ ಲೇಸು. ಈ ಲೆಕ್ಕದಿಂದ ಐವರ ಸಂಸಾರದ ನೀರಿಗೆ 30 ಚದರ ಮೀಟರ್ ಹಿತ್ತಲು ಬೇಕಾಗುವದು. ಎಲೆಯ ಅಂಚು ಸುಟ್ಟಂತೆ ಕಂಡರೆ ಕೂಡಲೆ ನಿಲ್ಲಿಸತಕ್ಕದ್ದು.

ನಾಲ್ಕನೆಯದಾಗಿ, ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು. ಕೂಡಿಟ್ಟರೆ ನಾರುವದಲ್ಲದೆ, ಆನೆಕಾಲು ರೋಗವನ್ನು ಹರಡುವ ಜಾತಿಯ ಸೊಳ್ಳೆಗಳು ಅಂಥ ಹೊಲಸು ನೀರಿನಲ್ಲಿಯೇ ಹುಟ್ಟುವವು. ಕುಡಿಯುವ ನೀರಿನ ಬಾವಿ ಅಥವಾ ಕೊಳವೆ ಬಾವಿಯಿಂದ ಪಾತಿಯು 50 ಅಡಿಯಾದರೂ ದೂರವಿರಬೇಕು. ಮಳೆಗಾಲದಲ್ಲಿ ನೆಲವು ತೊಯ್ದಿರುವಾಗ ನೀರನ್ನು ಗಟಾರಕ್ಕೆ ತಿರುಗಿಸುವ ಅನುಕೂಲವೂ ಇರಬೇಕು.

ಇಷ್ಟು ಕಟ್ಟಳೆಗಳನ್ನು ಹಳ್ಳಿಯ ಜನರು ಪಾಲಿಸುವರೇ ಎಂದು ಸಂಶಯಪಡುವವರು ನಾರುಹುಣ್ಣಿನ ಕಥೆಯನ್ನು ನೆನೆಯಲಿ. ಹೊಕ್ಕುತುಂಬುವ ಬಾವಿಗಳಿದ್ದ ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಹುಕಾಲ ಪೀಡಿಸಿದ ಈ ರೋಗಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಮದ್ದೂ ಇರಲಿಲ್ಲ. ಹುಣ್ಣಿದ್ದವರು ಬಾವಿಗೆ ಇಳಿಯಬಾರದು, ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಬೇಕು, ಬಾವಿಯ ಬದಲು ಕೊಳವೆ ಬಾವಿಯ ನೀರನ್ನು ತರಬೇಕು ಎಂಬ ಸಾದಾ ಕಟ್ಟಳೆಗಳನ್ನು ಜನರು ನಡೆಸಿದ್ದರಿಂದಲೇ ಅದು ಅಳಿಯಿತು. 2000ನೆಯ ಇಸವಿಯಲ್ಲಿ ಭಾರತವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಇನ್ನು ಗ್ರಾಮದ ಪ್ರಮುಖರ ಹೊಣೆ. ಚರಂಡಿ ಮತ್ತು ನೈರ್ಮಲ್ಯದ ಕಾರ್ಯವನ್ನು 1993ರ ಪಂಚಾಯತ ರಾಜ್ ಅಧಿನಿಯಮವು ಗ್ರಾಮ ಪಂಚಾಯತಿಗೆ ವಹಿಸಿದೆ; ಬಾವಿ ಹಳ್ಳಗಳಿಗೆ ಮಲಿನ ವಸ್ತುವನ್ನು ಬಿಡುವದನ್ನು 1974ರ ಜಲ ಮಾಲಿನ್ಯ ನಿವಾರಣಾ ಅಧಿನಿಯಮವು ನಿಷೇಧಿಸಿದೆ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ರಾಜ್ಯದಲ್ಲೆಲ್ಲ ಬಚ್ಚಲುಗುಂಡಿಗಳು ಕಟ್ಟಲ್ಪಟ್ಟವು. ಆದರೆ ಎರೆಭೂಮಿಯಲ್ಲಿ ನೀರು ನಿಧಾನವಾಗಿ ಇಂಗುವದರಿಂದ ಗುಂಡಿಯೊಂದನ್ನೇ ನೆಚ್ಚುವದಕ್ಕಿಂತ, ಸ್ಥಳವಿದ್ದಲ್ಲಿ ಗಿಡವನ್ನೂ ಕೂಡಿಸುವದು ಮೇಲು.

ಸ್ಥಳವಿದ್ದಲ್ಲಿ ಎಂಬ ಮಾತಿನಲ್ಲಿಯೇ ನ್ಯಾಯದ ಪ್ರಶ್ನೆಯಿದೆ. ಹಿತ್ತಲುಳ್ಳವರ ದೊಡ್ಡ ಮನೆಯ ನೀರು ಇಳಿಜಾರಿನಲ್ಲಿ ಹರಿದು, ಹಿತ್ತಲಿಲ್ಲದ ಬಡವರ ಓಣಿಯಲ್ಲಿ ನಿಲ್ಲುವದು ಅನೇಕ ಊರುಗಳ ಸ್ಥಿತಿ. ಆದುದರಿಂದ ಕಟ್ಟಳೆಯು ಗೌಡರ ಮನೆಯಿಂದಲೂ ಪಂಚಾಯತಿಯ ಅಧ್ಯಕ್ಷರ ಮನೆಯಿಂದಲೂ ಆರಂಭವಾಗಬೇಕು. ಸ್ಥಳವುಳ್ಳವರು ತಮ್ಮ ನೀರನ್ನು ತಮ್ಮಲ್ಲಿಯೇ ಮುಗಿಸಿದರೆ, ಪಂಚಾಯತಿಯ ಹಣವು ಸ್ಥಳವಿಲ್ಲದವರ ಓಣಿಯ ಗಟಾರಕ್ಕೆ ಒದಗುವದು. ಊರಿನ ಕೆಳಗೆ ಸಾರ್ವಜನಿಕ ಭೂಮಿಯಿದ್ದರೆ ಆ ಗಟಾರದ ಕೊನೆಯಲ್ಲಿ ಒಂದು ಕಟ್ಟಿಗೆಯ ಗಿಡಗಳ ತೋಪನ್ನು ಬೆಳೆಸಬಹುದು.

ಮುಂದಿನ ಬೇಸಿಗೆ ಬರುವದರೊಳಗಾಗಿ ಪ್ರತಿಯೊಂದು ಊರಿನ ಹಿರಿಯರು ತಮ್ಮ ತಮ್ಮ ಹಿತ್ತಲಿನಲ್ಲಿ ಒಂದೊಂದು ಪಾತಿಯನ್ನು ಈ ನಿಯಮಗಳಂತೆ ಸಿದ್ಧಪಡಿಸಿ ನೆರೆಹೊರೆಯವರಿಗೆ ತೋರಿಸುವದು ಉಚಿತವು. ಹಿರಿಯರ ಬಾಗಿಲಲ್ಲಿ ಕೆಸರಿರುವ ತನಕ ಕಿರಿಯರಿಗೆ ಹೇಳುವ ಬುದ್ಧಿಯು ಯಾರ ಕಿವಿಗೂ ತಾಗಲಾರದು.