ನೆತ್ತರಿನ ಸಾಕ್ಷಿ



ಕುಂಬ್ಡಾಜೆಯ ನೆರೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಶಾಲೆಯ ಮಕ್ಕಳ ರಕ್ತ ಪರೀಕ್ಷಿಸಿದರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದ ಎಂಡೋಸಲ್ಫಾನ್ ಅದರಲ್ಲಿತ್ತು. ಜನರ ವರ್ಷಗಳ ಗೋಳಿಗೆ ಆ ವರದಿ ಆಧಾರವಾಯಿತು.

ರಕ್ತ ಪರೀಕ್ಷಿಸುವ ವಿದ್ಯೆ ನಮ್ಮ ಮಕ್ಕಳಿಗೂ ಬರಲಿ. ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಕಲಿತವರು ಬಿ.ಎಸ್‌ಸಿ. ಎಂ.ಎಲ್.ಟಿ. ಪದವಿಗೆ ಅರ್ಜಿ ಹಾಕಬಹುದು. ಕೇರಳದಲ್ಲಿ ಅದು 4 ವರ್ಷದ ಓದು. ಆದರೆ ಶುಲ್ಕ ಕಟ್ಟುವ ಮುನ್ನ, ಆ ಕಾಲೇಜಿಗೆ ಆರೋಗ್ಯ ವಿಶ್ವವಿದ್ಯಾನಿಲಯದ ಮಾನ್ಯತೆಯೂ ರಾಜ್ಯ ಕೌನ್ಸಿಲಿನ ಅಂಗೀಕಾರವೂ ಇದೆಯೇ ಎಂದು ವಿಚಾರಿಸಿರಿ. ಇಲ್ಲವಾದರೆ ಪಾಸಾದ ಮೇಲೂ ನೋಂದಣಿ ಸಿಗದು, ಸಾಲವೊಂದೇ ಉಳಿದೀತು.

ದುಡಿಯುವವರ ನೆತ್ತರಿನ ಸಾಕ್ಷಿಯನ್ನು ಓದಬಲ್ಲವರು ನಮ್ಮ ಮನೆಗಳಿಂದಲೇ ಬರಲಿ.